ಕಮಲಾಪುರದ ಆಚೆಗೂ ಓಡಿದವಳು

ಮ್ಯಾರಥಾನ್ ಎಷ್ಟು ದೂರ ಎಂದು ಮಕ್ಕಳು ಕೇಳಿದರೆ ನಾನು 42.195 ಕಿಲೋಮೀಟರ್ ಎನ್ನುವುದಿಲ್ಲ. ಆ ದಶಾಂಶ ಅವರ ತಲೆಯಲ್ಲಿ ಸಂಜೆಯವರೆಗೂ ನಿಲ್ಲುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಹೊರಟು, ಹುಮನಾಬಾದ್ ರಸ್ತೆ ಹಿಡಿದು, ಮಹಾಗಾಂವ ಕ್ರಾಸ್ ದಾಟಿ, ಕಮಲಾಪುರದ ಕೆಂಪು ಬಾಳೆಹಣ್ಣಿನವರನ್ನೂ ಹಿಂದೆ ಹಾಕಿ ಇನ್ನೂ ಓಡಬೇಕು ಎನ್ನುತ್ತೇನೆ. ಬಸ್ಸಿನಲ್ಲಿ ಕೂತು ಹೋದರೇ ಸೊಂಟ ಹಿಡಿಯುವ ದಾರಿ. ಪೋರ್ಚುಗಲ್ಲಿನ ರೋಸಾ ಮೋಟಾ ಎಂಬಾಕೆ ಅಷ್ಟನ್ನೂ ಎರಡೂವರೆ ಗಂಟೆಯೊಳಗೆ ಓಡುತ್ತಿದ್ದಳು ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಹೆಸರು ಕೇಳಿ ನಗುತ್ತಾರೆ ಕೂಡ. ನಮ್ಮ ಕಡೆ ಉರ್ದು ಎಲ್ಲರ ಬಾಯಲ್ಲೂ ಇದೆಯಲ್ಲ, ‘ಮೋಟಾ’ ಅಂದರೆ ದಪ್ಪ. ಆಕೆಯ ತೂಕವೋ ನಲವತ್ತೈದು ಕಿಲೋ ಆಸುಪಾಸು! 1958ರಲ್ಲಿ ಪೋರ್ಟೊ ನಗರದ ಸಮುದ್ರದಂಚಿನಲ್ಲಿ ಹುಟ್ಟಿದ ಹುಡುಗಿ. ಸಾಲದ್ದಕ್ಕೆ ದಮ್ಮಿನ ಕಾಟ. ವೈದ್ಯನಾದ ಜೋಸೆ ಪೆದ್ರೋಸಾ ಆಕೆಯ ಕೋಚ್ ಆದ.

ಹೆಂಗಸರಿಗೆ ದೂರದ ಓಟ ಆಗದು ಎಂಬ ನಂಬಿಕೆ ನಮ್ಮ ಹಳ್ಳಿಯದಷ್ಟೇ ಅಲ್ಲ. 1928ರಲ್ಲಿ ಹೆಂಗಸರು 800 ಮೀಟರ್ ಓಡಿ ಸುಸ್ತಾದರೆಂದು ಒಲಿಂಪಿಕ್ಸಿನವರು ಆ ಓಟವನ್ನೇ ತೆಗೆದುಹಾಕಿ, 1960ರವರೆಗೆ ಮತ್ತೆ ಸೇರಿಸಲಿಲ್ಲ. ಗಂಡಸರು ಓಡಿ ಸುಸ್ತಾಗುವುದೇ ಇಲ್ಲವೇನೋ! 1982ರಲ್ಲಿ ಅಥೆನ್ಸಿನ ಯುರೋಪಿಯನ್ ಕೂಟದಲ್ಲಿ ಮೊದಲ ಬಾರಿಗೆ ಮಹಿಳಾ ಮ್ಯಾರಥಾನ್ ಇಟ್ಟಾಗ ರೋಸಾಗೂ ಅದು ಮೊದಲ ಮ್ಯಾರಥಾನ್. ಗೆದ್ದೇಬಿಟ್ಟಳು. 1984ರ ಲಾಸ್ ಏಂಜಲೀಸಿನಲ್ಲಿ ಕಂಚು. ಅದೇ ಒಲಿಂಪಿಕ್ಸಿನಲ್ಲಿ ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಿಂದ ಕಂಚು ಕಳೆದುಕೊಂಡಳು. ಆ ಸಂಕಟದಲ್ಲಿ ನಮಗೆ ಬೇರೆ ಯಾವ ಓಟವೂ ಕಾಣಲಿಲ್ಲ. 1987ರಲ್ಲಿ ರೋಮ್‌ನ ವಿಶ್ವಕೂಟದಲ್ಲಿ ರೋಸಾ ಗುರಿ ಮುಟ್ಟಿ ಏಳು ನಿಮಿಷ ಕಳೆದರೂ ಎರಡನೆಯವಳ ಸುಳಿವಿಲ್ಲ. ಚಹಾ ಕುದಿಸಿ ಸೋಸಿ ಕುಡಿಯುವಷ್ಟು ಹೊತ್ತು. ಮರುವರ್ಷ ಸೋಲ್‌ನಲ್ಲಿ ಮಾತ್ರ ಹಾಗಾಗಲಿಲ್ಲ. ಸುಮಾರು 38 ಕಿಲೋಮೀಟರಿನವರೆಗೆ ಜೊತೆಯವರು ಬಿಡಲಿಲ್ಲ. ಅಲ್ಲಿ ಬಿರುಸು ಹಿಡಿದು, ಆಸ್ಟ್ರೇಲಿಯಾದ ಲೀಸಾ ಮಾರ್ಟಿನ್‌ಗಿಂತ 13 ಸೆಕೆಂಡು ಮುಂದೆ ಬಂದಳು. 2 ಗಂಟೆ 25 ನಿಮಿಷ 40 ಸೆಕೆಂಡು. ಪೋರ್ಚುಗಲ್ಲಿನ ಹೆಣ್ಣುಮಗಳೊಬ್ಬಳಿಗೆ ದಕ್ಕಿದ ಮೊದಲ ಒಲಿಂಪಿಕ್ ಚಿನ್ನ ಅದು.

ಇದನ್ನೆಲ್ಲ ನಾನು ಒಬ್ಬ ತಾಯಿಗೂ ಹೇಳಿದ್ದೆ. ಅವಳ ಮಗಳು ಎಂಟನೆಯ ತರಗತಿ. 800 ಮೀಟರ್ ಓಟಕ್ಕೆ ತಾಲೂಕು ಮಟ್ಟಕ್ಕೆ ಆಯ್ಕೆಯಾಗಿದ್ದಳು. ತೊಗರಿ ರಾಶಿಯ ಧೂಳಿಗೆ ಉಸಿರು ಕಟ್ಟುವ ಹುಡುಗಿ.

“ಟೀಚರ್, ಆಕಿಗಿ ದಮ್ಮ ಅದ, ಓಡಸಬ್ಯಾಡ್ರಿ” ಎನ್ನಲು ಬಂದಿದ್ದಳು. ನನ್ನ ಕಥೆ ಪೂರ್ತಿ ಕೇಳಿದಳು. ಆಮೇಲೆ, “ಆಕಿ ಬೆನ್ನಿಗಿ ಡಾಕ್ಟರ್ ಇದ್ದ ಅಂತ ನೀವೇ ಹೇಳ್ದಿರಲ್ರೀ. ನಮ್ಮಾಕಿ ಬೆನ್ನಿಗಿ ಯಾರಿದ್ದಾರ?” ಎಂದಳು.

ಹದಿನಾಲ್ಕು ಮ್ಯಾರಥಾನ್ ಗೆದ್ದವಳ ಕಥೆಯಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಮೇಲೆ ಮೂವರೂ ಬಸ್ಸು ಹತ್ತಿದೆವು. ಸೂಪರ್ ಮಾರ್ಕೆಟ್ ಹತ್ತಿರದ ಡಾಕ್ಟರು ಎದೆ ನೋಡಿ, ಊದಿಸಿ, ಬಾಯಿಗೆ ಹೊಡೆದುಕೊಳ್ಳುವ ಪಂಪು ಬರೆದರು. ಓಡಲಿ, ಪಂಪು ಹತ್ತಿರವಿರಲಿ, ಧೂಳಿನ ದಿನ ಬೇಡ ಎಂದರು. ತಾಯಿ ಕೇಳಿದ್ದು ಒಂದೇ, “ತಿಂಗಳಿಗಿ ಎಷ್ಟಾಗ್ತದ್ರಿ?”

ತಾಲೂಕಿಗೆ ಈ ವರ್ಷ ಕಳಿಸಲಿಲ್ಲ. ಮುಂದಿನ ವರ್ಷ ನೋಡೋಣು ಎಂದಿದ್ದಾಳೆ. ಸದ್ಯ ಹುಡುಗಿ ಪ್ರಾರ್ಥನೆಗೆ ಮೊದಲು ಮೈದಾನದ ನಾಲ್ಕು ಸುತ್ತು ಹಾಕುತ್ತಾಳೆ. ಪಂಪು ನನ್ನ ಚೀಲದಲ್ಲಿರುತ್ತದೆ.