ಬಾರ್ತಾಲಿ ಸೈಕಲ್ಲಿನಿಂದ ಇಳಿದುಬಿಟ್ಟಿದ್ದರೆ

ಇಟಲಿಯ ಸೈಕಲ್ ವೀರ ಜೀನೊ ಬಾರ್ತಾಲಿಯ ಜೀವನವೃತ್ತಾಂತವನ್ನು ಓದಿದಾಗಲೆಲ್ಲ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತದೆ. 1936ರ ಬೇಸಿಗೆಯಲ್ಲಿ ಈತ ಸೈಕಲ್ಲಿನಿಂದ ಇಳಿದುಬಿಟ್ಟಿದ್ದರೆ ಏನಾಗುತ್ತಿತ್ತು? ಇದು ಬರಿಯ ಕಲ್ಪನೆಯಲ್ಲ. ಇಳಿಯುವ ಯೋಚನೆ ಆತನಿಗೆ ನಿಜವಾಗಿಯೂ ಬಂದಿತ್ತು. ಆ ವರ್ಷದ ಜೂನ್ ತಿಂಗಳಲ್ಲಿ ತನ್ನ 21ನೆಯ ವಯಸ್ಸಿನಲ್ಲಿ ಆತ ಇಡೀ ಇಟಲಿಯನ್ನು ಸುತ್ತುವ ಮಹಾಸ್ಪರ್ಧೆಯನ್ನು ಮೊದಲ ಬಾರಿ ಗೆದ್ದ. ಗೆಲುವಿನ ಹೂಮಾಲೆ ಬಾಡುವ ಮೊದಲೇ ಅಣ್ಣನ ದಾರಿ ಹಿಡಿದಿದ್ದ ತಮ್ಮ ಜೂಲಿಯೊ ಬೇರೊಂದು ಸ್ಪರ್ಧೆಯಲ್ಲಿ ಕಾರಿಗೆ ಡಿಕ್ಕಿಯಾಗಿ ತೀರಿಕೊಂಡ. ಮನೆಯಲ್ಲಿ ದುಃಖ ಕವಿಯಿತು. ಇನ್ನು ಈ ಸ್ಪರ್ಧೆಗಳ ಸಹವಾಸವೇ ಬೇಡವೆಂದು ಬಾರ್ತಾಲಿ ಹಿಂದೆ ಸರಿಯಲು ಹೊರಟಿದ್ದ.

ಹಿಂದೆ ಸರಿದಿದ್ದರೆ ಆತ ಏನಾಗುತ್ತಿದ್ದನೆಂದು ಊಹಿಸುವುದು ಕಷ್ಟವಲ್ಲ. ಫ್ಲಾರೆನ್ಸ್ ನಗರದ ಮಗ್ಗುಲಿನ ಪೊಂತೆ ಆ ಎಮಾ ಎಂಬ ಹಳ್ಳಿಯಲ್ಲಿ 1914ರಲ್ಲಿ ಕೂಲಿಕಾರನ ಮಗನಾಗಿ ಹುಟ್ಟಿದವನು. ಬಾಲ್ಯದಲ್ಲಿಯೇ ಊರಿನ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತವನು. ಮಗ ಸ್ಪರ್ಧೆಗೆ ಇಳಿಯುವುದು ತಂದೆಗೆ ಮೊದಲಿನಿಂದಲೂ ಒಪ್ಪಿಗೆಯಿರಲಿಲ್ಲ. ಪಂಚರ್ ಹಚ್ಚುತ್ತ, ಚಕ್ರದ ಡೊಂಕು ತಿದ್ದುತ್ತ, ಮಾನದಿಂದ ಬಾಳಿ ಹೋಗುತ್ತಿದ್ದ. ಅದೇನು ಕೀಳಾದ ಕಾಯಕವಲ್ಲ. ನಮ್ಮ ಓದುಗರಲ್ಲಿ ಅಂಥ ಅಂಗಡಿಯಿಂದ ಮಕ್ಕಳನ್ನು ಓದಿಸಿ ದಡ ಸೇರಿಸಿದವರು ಅನೇಕರಿದ್ದಾರೆ.

ಈ ವಿಚಾರವನ್ನು ಈಗ ಎತ್ತಲು ಕಾರಣವುಂಟು. ವಿಜಯಪುರದ ಕಡೆಯ ಭಕ್ತರೊಬ್ಬರು ಕಳೆದ ತಿಂಗಳು ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಆ ಸೀಮೆಯಲ್ಲಿ ಸೈಕಲ್ ಸ್ಪರ್ಧೆ ಹೊಸದಲ್ಲ. ಅಲ್ಲಿಯ ಮಕ್ಕಳು ರಾಷ್ಟ್ರಮಟ್ಟದ ಪದಕಗಳನ್ನು ತಂದದ್ದುಂಟು. "ಶಾಸ್ತ್ರಿಗಳ, ಇವ ಕಾಲೇಜ್ ಬಿಟ್ಟು ಸೈಕಲ್ ಹಿಂದ ಬಿದ್ದಾನ್ರಿ. ಸೈಕಲ್ ತುಳದ್ರ ಹೊಟ್ಟಿ ತುಂಬತೈತೇನ್ರಿ? ನೀವರ ಒಂದ್ ಬುದ್ಧಿಮಾತ್ ಹೇಳ್ರಿ" ಎಂದರು ತಂದೆ. ಹುಡುಗ ನೆಲ ನೋಡುತ್ತ ಕುಳಿತಿದ್ದ. ತಂದೆಯ ಮಾತು ಅಲ್ಲಗಳೆಯುವಂಥದಲ್ಲ. ಒಕ್ಕಲುತನದ ಮನೆಯಲ್ಲಿ ಒಂದು ನೌಕರಿಯ ಬೆಲೆ ಏನೆಂಬುದು ನಮಗೆ ತಿಳಿಯದ್ದೇನಲ್ಲ. ನಾವು ತೀರ್ಪು ಕೊಡಲಿಲ್ಲ. ಬಾರ್ತಾಲಿಯ ಕಥೆಯನ್ನು ಹೇಳಿದೆವು.

ಬಾರ್ತಾಲಿ ಮತ್ತೆ ಸೈಕಲ್ ಹತ್ತಿದ. 1937ರಲ್ಲಿ ಇಟಲಿಯ ಸುತ್ತನ್ನು ಇನ್ನೊಮ್ಮೆ ಗೆದ್ದ; 1938ರಲ್ಲಿ ಫ್ರಾನ್ಸಿನ ಸುತ್ತನ್ನು, ಅಂದರೆ ಜಗತ್ಪ್ರಸಿದ್ಧ ಟೂರ್ ದ ಫ್ರಾನ್ಸನ್ನು ಗೆದ್ದ. ಆಗ ಅವನಿಗೆ 24. ಮರುವರ್ಷ ಇಟಲಿ ಅಲ್ಲಿಗೆ ತಂಡವನ್ನೇ ಕಳುಹಿಸಲಿಲ್ಲ. 1940ರ ಇಟಲಿಯ ಸುತ್ತಿನಲ್ಲಿ ನಾಯಿಯೊಂದು ಅಡ್ಡಬಂದು ಬಾರ್ತಾಲಿ ಬಿದ್ದ. ಅವನ ಸಹಾಯಕನಾಗಿ ತಂಡ ಸೇರಿದ್ದ 20 ವರ್ಷದ ಫೌಸ್ತೊ ಕೊಪ್ಪಿ ಗೆದ್ದುಬಿಟ್ಟ. ಸ್ಪರ್ಧೆ ಮುಗಿದದ್ದು ಜೂನ್ 9ಕ್ಕೆ, ಇಟಲಿ ಯುದ್ಧಕ್ಕೆ ಇಳಿದದ್ದು ಜೂನ್ 10ಕ್ಕೆ. 1940ರಿಂದ 1946ರವರೆಗೆ ಟೂರ್ ನಡೆಯಲೇ ಇಲ್ಲ. 26ರಿಂದ 32ರವರೆಗಿನ ವಯಸ್ಸು ಇಂಥ ಆಟಗಾರನಿಗೆ ಹೊಲಕ್ಕೆ ಹದವಾದ ಮಳೆ ಇದ್ದಂತೆ; ಆ ಮಳೆಯೆಲ್ಲ ಬಂಡೆಯ ಮೇಲೆ ಸುರಿಯಿತು. ಯುದ್ಧವಿಲ್ಲದಿದ್ದರೆ ಈತ ನಾಲ್ಕೈದು ಸಲ ಗೆಲ್ಲುತ್ತಿದ್ದನೆಂದು ಕ್ರೀಡಾಪ್ರಿಯರು ಇಂದಿಗೂ ಲೆಕ್ಕ ಹಾಕುತ್ತಾರೆ. ಹಾಕಲಿ. ನಮಗೆ ಆ ಲೆಕ್ಕದಲ್ಲಿ ರುಚಿಯಿಲ್ಲ.

ನಮ್ಮ ಕುತೂಹಲವೆಲ್ಲ ಸ್ಪರ್ಧೆಗಳಿಲ್ಲದ ಆ ಕಾಲದಲ್ಲಿ ಆತ ಏನು ಮಾಡಿದನೆಂಬುದರಲ್ಲಿದೆ. 1943ರ ಸೆಪ್ಟೆಂಬರಿನಲ್ಲಿ ಜರ್ಮನರು ಇಟಲಿಯನ್ನು ಆಕ್ರಮಿಸಿಕೊಂಡಾಗ ಅಲ್ಲಿಯ ಯಹೂದಿಗಳ ಬೇಟೆ ಆರಂಭವಾಯಿತು. ಫ್ಲಾರೆನ್ಸಿನ ಕಾರ್ಡಿನಲ್ ಎಲಿಯಾ ದಾಲ್ಲ ಕೋಸ್ತಾ ಅವರು ಯಹೂದಿಗಳನ್ನು ಉಳಿಸುವ ಗುಪ್ತ ವ್ಯವಸ್ಥೆಯೊಂದಕ್ಕೆ ನೆರವಾಗಿದ್ದರು. ಅಸೀಸಿಯ ಮಠಗಳಲ್ಲಿ ಅನೇಕರು ಅಡಗಿದ್ದರು. ಅಲ್ಲಿಯ ಮುದ್ರಕನೊಬ್ಬ ತನ್ನ ಮಗನೊಡನೆ ಸುಳ್ಳು ಹೆಸರಿನ ಗುರುತುಪತ್ರಗಳನ್ನು ಅಚ್ಚು ಹಾಕುತ್ತಿದ್ದ. ಭಾವಚಿತ್ರಗಳನ್ನೂ ಪತ್ರಗಳನ್ನೂ ಅತ್ತಿತ್ತ ಸಾಗಿಸುವವರು ಬೇಕಿತ್ತು. ಫ್ಲಾರೆನ್ಸಿನಿಂದ ಅಸೀಸಿಗೆ ಸುಮಾರು 175 ಕಿಲೋಮೀಟರ್ ಗುಡ್ಡಗಾಡಿನ ದಾರಿ. ಸೀಟಿನ ಕೆಳಗಿನ ಕೊಳವೆಯಲ್ಲಿ ಕಾಗದಗಳನ್ನು ಸುರುಳಿ ಸುತ್ತಿ ತುರುಕಿ, ಮೇಲೆ ಸೀಟು ಬಿಗಿದು, ತನ್ನ ಹೆಸರು ಬರೆದ ಅಂಗಿ ತೊಟ್ಟು ಬಾರ್ತಾಲಿ ಹೊರಡುತ್ತಿದ್ದ. ಕಾವಲಿನವರು ತಡೆದರೆ ಅಭ್ಯಾಸಕ್ಕೆ ಹೊರಟಿರುವೆನೆನ್ನುತ್ತಿದ್ದ. ಸೈಕಲ್ಲನ್ನು ಮಾತ್ರ ಮುಟ್ಟಬೇಡಿ, ವೇಗಕ್ಕೆ ತಕ್ಕಂತೆ ಅಳತೆ ಹಿಡಿದು ಜೋಡಿಸಿದ್ದೇನೆ ಎಂದು ಕೇಳಿಕೊಳ್ಳುತ್ತಿದ್ದ. ಹೆಂಡತಿಗೂ ಸುಳಿವು ಕೊಟ್ಟಿರಲಿಲ್ಲ. ಯಹೂದಿ ಕುಟುಂಬವೊಂದನ್ನು ಫ್ಲಾರೆನ್ಸಿನಲ್ಲಿ ತಾನೇ ಅಡಗಿಸಿಟ್ಟು ಸಲಹಿದ. ಆ ಪ್ರಯಾಣಗಳ ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಇತ್ತೀಚೆಗೆ ಚರ್ಚೆ ಎದ್ದಿರುವುದನ್ನೂ ಹೇಳುವುದು ನ್ಯಾಯ. ಕುಟುಂಬವನ್ನು ಉಳಿಸಿದ ಸಂಗತಿಗಾದರೋ ಆ ಮನೆಯ ಮಗನೇ ಸಾಕ್ಷಿ ನುಡಿದಿದ್ದಾನೆ.

ಇಲ್ಲಿಯೇ ನಮ್ಮ ಪ್ರಶ್ನೆಗೆ ಬಲ ಬರುವುದು. ರಿಪೇರಿ ಅಂಗಡಿಯ ಜೀನೊ ಯುದ್ಧಕಾಲದಲ್ಲಿ ದಿನವೆಲ್ಲ ಸೈಕಲ್ ತುಳಿದು ಇನ್ನೊಂದು ಪ್ರಾಂತಕ್ಕೆ ಹೋಗಿದ್ದರೆ ಮೊದಲ ಚೌಕಿಯಲ್ಲಿಯೇ ಸಿಕ್ಕಿಬೀಳುತ್ತಿದ್ದ. ಆತನನ್ನು ದಾಟಿಸಿದ್ದು ಗೆದ್ದ ಹೆಸರು, ಮತ್ತು ಅಷ್ಟು ದೂರ ಕ್ರಮಿಸಬಲ್ಲ ಕಾಲುಗಳು. ಆತ ಸನ್ಯಾಸಿಯಾಗಿದ್ದರೆ? ಹಾಗಾಗುವ ಸಂಭವವೂ ಇತ್ತು. ಕಾರ್ಮೆಲ್ ಪಂಥದಲ್ಲಿ ಗೃಹಸ್ಥರಿಗಾಗಿ ಇರುವ ದೀಕ್ಷೆಯನ್ನು ಆತ ಪಡೆದಿದ್ದ, ಅವನ ಭಕ್ತಿಯನ್ನು ಕಂಡು ಜನ ನಗುತ್ತಲೂ ಇದ್ದರು. ಆದರೆ ಮಠದ ಅನ್ನದಿಂದ ಬೆಳೆದ ನಾವು ಒಂದು ಮಾತು ಬಲ್ಲೆವು. ನಾವು ಮಠದಲ್ಲಿ ಓದುತ್ತಿದ್ದಾಗ ದಾಸೋಹದ ಜೋಳಕ್ಕಾಗಿ ಹಳ್ಳಿಹಳ್ಳಿಗೆ ಸುದ್ದಿ ಮುಟ್ಟಿಸುತ್ತಿದ್ದವರು ಒಳಗಿದ್ದ ನಾವಾರೂ ಅಲ್ಲ, ಹೊರಗಿನ ಸೈಕಲ್ಲುಳ್ಳ ಗೃಹಸ್ಥರು. ಅಸೀಸಿಯ ಸನ್ಯಾಸಿಗಳಿಗೆ ಧೈರ್ಯವಿತ್ತು, ಗೋಡೆಗಳಿದ್ದವು. ದಾರಿ ಕ್ರಮಿಸಲು ಬಾರ್ತಾಲಿಯಂಥವನೇ ಬೇಕಾಗಿತ್ತು.

1948ರಲ್ಲಿ, 34ರ ಹೊಸ್ತಿಲಿನಲ್ಲಿ, ಆತ ಮತ್ತೆ ಟೂರ್‌ಗೆ ಹೋದ. ನಾಯಕನಿಗಿಂತ 21 ನಿಮಿಷ ಹಿಂದೆ ಬಿದ್ದಿದ್ದವನು ಆಲ್ಪ್ಸ್ ಪರ್ವತಗಳಲ್ಲಿ ಸತತ ಮೂರು ಹಂತಗಳನ್ನು ಗೆದ್ದು, ಕೊನೆಗೆ 26 ನಿಮಿಷಗಳ ಅಂತರದಿಂದ ಜಯಶಾಲಿಯಾದ. ಹತ್ತು ವರ್ಷಗಳ ಅಂತರದಲ್ಲಿ ಎರಡು ಗೆಲುವು. ಅಷ್ಟು ದೀರ್ಘ ಅಂತರದ ಬಳಿಕ ಟೂರನ್ನು ಮತ್ತೆ ಗೆದ್ದವರು ಬೇರೊಬ್ಬರಿಲ್ಲ. ಅದೇ ವಾರ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿಯವರ ಮೇಲೆ ಗುಂಡು ಹಾರಿ ಇಟಲಿ ಕುದಿಯುತ್ತಿತ್ತು. ಬಾರ್ತಾಲಿಯ ಗೆಲುವೇ ಅಂತರ್ಯುದ್ಧವನ್ನು ತಪ್ಪಿಸಿತೆಂದು ಹಲವರು ಬರೆದಿದ್ದಾರೆ. ಅದು ಅತಿಶಯೋಕ್ತಿಯೆಂದೇ ನಮ್ಮ ಎಣಿಕೆ.

ಈ ಗೆಲುವುಗಳನ್ನು ಕುರಿತು ಆತ ಧಾರಾಳವಾಗಿ ಮಾತನಾಡುತ್ತಿದ್ದ. ಯುದ್ಧಕಾಲದ ಕೆಲಸದ ವಿಷಯವನ್ನು ಮಗನಿಗೆ ತಿಳಿಸಿದಾಗಲೂ ಹೊರಗೆ ಆಡಬಾರದೆಂದು ಕಟ್ಟಪ್ಪಣೆ ಮಾಡಿದ್ದ. 2000ದ ಮೇ ತಿಂಗಳಲ್ಲಿ ತೀರಿಕೊಂಡ. ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆಯು ಯಹೂದಿಗಳನ್ನು ಉಳಿಸಿದ ಸತ್ಪುರುಷರ ಸಾಲಿಗೆ ಅವನ ಹೆಸರನ್ನು ಸೇರಿಸಿದ್ದು 2013ರಲ್ಲಿ.