ಗೋಡೆಯಾಚೆಯ ರೇಡಿಯೋ

ರೇಡಿಯೋ ಕೇಳುವುದಕ್ಕೂ ಒಂದು ಕಾಲದಲ್ಲಿ ಲೈಸೆನ್ಸು ಬೇಕಾಗಿತ್ತೆಂದು ಹೇಳಿದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಬಂದೂಕಕ್ಕಾದರೆ ಸರಿ, ಹಾಡಿಗೇತಕ್ಕೆ ಲೈಸೆನ್ಸು ಎಂದು ಅವರ ಪ್ರಶ್ನೆ. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪುಟ್ಟ ಪುಸ್ತಕವೊಂದನ್ನು ವರ್ಷ ವರ್ಷವೂ ನವೀಕರಿಸಿಕೊಳ್ಳಬೇಕಾಗಿತ್ತು; ೧೯೮೦ರ ದಶಕದ ನಡುವಿನಲ್ಲಿ ಆ ಪದ್ಧತಿ ರದ್ದಾಯಿತು. ಮೈಸೂರಿನ ಕೃಷ್ಣಮೂರ್ತಿಪುರದಲ್ಲಿ ನಾನು ಬೆಳೆದ ವಠಾರದ ಮಟ್ಟಿಗೆ ಹೇಳುವುದಾದರೆ, ಲೈಸೆನ್ಸು ಇದ್ದದ್ದು ಒಬ್ಬರಿಗೆ, ಕೇಳುತ್ತಿದ್ದವರು ಏಳು ಮನೆಯವರು. ಸರಕಾರ ಈ ಲೆಕ್ಕವನ್ನು ಎಂದೂ ಕೇಳಲಿಲ್ಲ.

ಆ ಒಬ್ಬರು ನಿವೃತ್ತ ಮೇಷ್ಟರು. ಅವರದು ಹಳೆಯ ಮರ್ಫಿ ಪೆಟ್ಟಿಗೆ, ವಾಲ್ವಿನದು. ಗುಂಡಿ ತಿರುಗಿಸಿದೊಡನೆ ಬಾಯಿ ಬಿಡುವ ಜಾತಿಯಲ್ಲ; ಮೊದಲು ಕಾಯಬೇಕು, ಆಮೇಲೆ ಮಾತು. ಅನೇಕ ಮನುಷ್ಯರಿಗಿಂತ ಇದು ಒಳ್ಳೆಯ ಅಭ್ಯಾಸವೆಂದು ನನಗೆ ಈಗ ತೋರುತ್ತದೆ. ನಮ್ಮ ಮನೆಯಲ್ಲೂ ಒಂದು ಟ್ರಾನ್ಸಿಸ್ಟರ್ ಇದ್ದಿತು, ಇಲ್ಲವೆಂದಲ್ಲ. ಆದರೆ ತಿಂಗಳ ಇಪ್ಪತ್ತನೆಯ ತಾರೀಖು ದಾಟಿದ ಮೇಲೆ ಅದಕ್ಕೆ ಹೊಸ ಸೆಲ್ಲು ಹಾಕಿಸುವ ಔದಾರ್ಯ ನಮ್ಮ ತಂದೆಯವರಿಗೆ ಇರುತ್ತಿರಲಿಲ್ಲ. ಮೇಷ್ಟರ ರೇಡಿಯೋ ಗೋಡೆಯಾಚೆ ಇರುವಾಗ ಅದರ ಅಗತ್ಯವಾದರೂ ಏನು?

ಮೈಸೂರಿನವರಿಗೆ ರೇಡಿಯೋದ ಮೇಲೆ ಕೊಂಚ ಹಕ್ಕಿನ ಭಾವನೆ ಉಂಟು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಮೂವತ್ತು ವ್ಯಾಟಿನ ಯಂತ್ರವೊಂದನ್ನು ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ಮೂವತ್ತು ವ್ಯಾಟು ಎಂದರೆ ಬಚ್ಚಲುಮನೆಯ ಬಲ್ಬಿನಷ್ಟು. ಆ ನಿಲಯಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೋಕ್ಕೆ ಆಯಿತು. ಒಬ್ಬರ ಮನೆಯಲ್ಲಿ ಹುಟ್ಟಿದ ಧ್ವನಿ ಇನ್ನೊಬ್ಬರ ಮನೆಯ ಗೋಡೆ ದಾಟಿ ಬಂದರೆ ನಾವೇಕೆ ಸಂಕೋಚಪಡಬೇಕು ಎಂಬುದು ನಮ್ಮ ವಠಾರದ ವಾದ.

ಬೆಳಗಿನ ಜಾವ ಮೊದಲು ಕೇಳಿಸುತ್ತಿದ್ದುದು ಆ ಮಾತಿಲ್ಲದ ರಾಗ. ಅದನ್ನು ರಚಿಸಿದವರು ವಾಲ್ಟರ್ ಕಾಫ್‌ಮನ್, ಯೂರೋಪನ್ನು ಬಿಟ್ಟು ಮುಂಬಯಿಗೆ ಬಂದ ಯೆಹೂದಿ ನಿರಾಶ್ರಿತ. ನಾನು ಇದನ್ನು ತಿಳಿದದ್ದು ಬಹಳ ತಡವಾಗಿ. ಮೇಷ್ಟರ ಪಕ್ಕದ ಮನೆಯ ಅಜ್ಜಿಗಂತೂ ಅದು ಹಾಲಿನವನು ಬರುವ ಹೊತ್ತಾಯಿತು ಎಂಬುದರ ಗುರುತು, ಅಷ್ಟೆ.

ಈ ಅಜ್ಜಿಗೂ ಮೇಷ್ಟರ ಹೆಂಡತಿಗೂ ಒಂದು ಬೇಸಗೆಯಲ್ಲಿ ನಲ್ಲಿಯ ಮುಂದೆ ಜಗಳವಾಯಿತು. ಸಾಲಿನಲ್ಲಿ ಇಟ್ಟ ಬಿಂದಿಗೆಯನ್ನು ಯಾರೋ ಹಿಂದಕ್ಕೆ ಸರಿಸಿದರಂತೆ. ಮಾತು ಬೆಳೆದು, ಬಿಂದಿಗೆಯಿಂದ ಮನೆತನಕ್ಕೆ ಹೋಗಿ, ಕೊನೆಗೆ ಮಾತೇ ನಿಂತಿತು. ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದುದನ್ನೆಲ್ಲ ನನ್ನ ತಾಯಿಗೆ ಹೇಳತೊಡಗಿದರು. ‘ಆ ರೇಡಿಯೋ ಗಲಾಟೇಲಿ ಕಣ್ಣಿಗೆ ಕಣ್ಣು ಹತ್ತೋ ಹಾಗಿಲ್ಲ ಕಣೇ’ ಎಂದು ಅಜ್ಜಿ. ಹಾಗೆನ್ನುತ್ತ ತಮ್ಮ ಮಂಚವನ್ನು ಮಾತ್ರ ಆ ಗೋಡೆಯ ಬಳಿಯಿಂದ ಸರಿಸಲಿಲ್ಲ.

ಅಜ್ಜಿಯ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿತ್ತು. ರಾತ್ರಿ ನಾಟಕವೋ ಹರಿಕಥೆಯೋ ಆರಂಭವಾದಾಗ ಮೇಷ್ಟರ ಹೆಂಡತಿ ಎದ್ದು ಗುಂಡಿಯನ್ನು ಸ್ವಲ್ಪ ತಿರುಗಿಸುವುದನ್ನು ನಾನೇ ನೋಡಿದ್ದೇನೆ. ‘ಯಾಕ್ರೀ ಇಷ್ಟು ಜೋರು?’ ಎಂದು ನನ್ನ ತಾಯಿ ಕೇಳಿದರೆ, ‘ನನಗೇ ಈಚೆಗೆ ಸರಿಯಾಗಿ ಕೇಳಿಸೋದಿಲ್ಲ ಕಣ್ರೀ’ ಎನ್ನುವರು. ಪಿಸುಮಾತನ್ನೂ ಮೂರು ಮನೆಯಾಚೆಯಿಂದ ಹಿಡಿಯಬಲ್ಲ ಕಿವಿ ಅವರದು!

ಎಂಟು ತಿಂಗಳು ಹೀಗೆ ಕಳೆಯಿತು. ಒಂದು ದಿನ ಬೆಳಗ್ಗೆ ರೇಡಿಯೋ ಮಾತನಾಡಲಿಲ್ಲ. ಕರೆಂಟು ಹೋಗಿರಬೇಕೆಂದು ನಾವು ಮಗ್ಗುಲು ಬದಲಿಸಿದೆವು. ಅಜ್ಜಿ ಮಾತ್ರ ತಮ್ಮ ಮನೆಯ ದೀಪ ಹಾಕಿ ನೋಡಿದರು, ಉರಿಯಿತು. ಗೋಡೆಗೆ ಕಿವಿಯಿಟ್ಟರು. ಆಮೇಲೆ, ಎಂಟು ತಿಂಗಳು ತುಳಿಯದ ಹೊಸ್ತಿಲಿನ ಮುಂದೆ ನಿಂತು ಬಾಗಿಲು ಬಡಿದರು. ಒಳಗೆ ಮೇಷ್ಟರು ಎದೆ ಹಿಡಿದುಕೊಂಡು ಕುಳಿತಿದ್ದರು. ಹೆಂಡತಿ ಕೈಕಾಲು ಬಿಟ್ಟು ನಿಂತಿದ್ದರು. ಅಜ್ಜಿ ಅಂಗಳದಲ್ಲಿ ನಿಂತು ಕೂಗಿದ ಕೂಗಿಗೆ ಏಳು ಮನೆಯೂ ಎದ್ದಿತು. ಮೇಷ್ಟರನ್ನು ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಒಯ್ದರು. ಅವರು ಅನಂತರ ಆರು ವರ್ಷ ಬದುಕಿದರು, ರೇಡಿಯೋ ಸಹಿತ. ಹೆಂಗಸರಿಬ್ಬರಲ್ಲಿ ರಾಜಿಯಾಯಿತೆ ಎಂದು ಕೇಳುವಿರಾ? ಮುಂದಿನ ಬೇಸಗೆಯವರೆಗೆ ಆಗಿತ್ತು. ನೀರು ಮತ್ತೆ ಕಡಿಮೆಯಾಯಿತು.

ವಠಾರದ ಬಾಳೆಲ್ಲ ಬಂಗಾರವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ನಾನು ಓದಿದ್ದು ಕಿವಿಗೆ ಹತ್ತಿ ತುರುಕಿಕೊಂಡು. ಕ್ರಿಕೆಟ್ ವೀಕ್ಷಕ ವಿವರಣೆಯ ದಿನ ಹತ್ತಿಯೂ ಸಾಲುತ್ತಿರಲಿಲ್ಲ. ಗುಟ್ಟೆಂಬ ವಸ್ತು ಅಲ್ಲಿ ಅರ್ಧ ದಿನ ಬಾಳುತ್ತಿರಲಿಲ್ಲ. ಆ ವಠಾರವನ್ನು ಕೆಡವಿ ಈಗ ಮೂರಂತಸ್ತಿನ ಕಟ್ಟಡ ಕಟ್ಟಿದ್ದಾರೆ. ಅದರಲ್ಲಿರುವವರು ನಮಗಿಂತ ಸುಖವಾಗಿ ಮಲಗುತ್ತಿರಬೇಕು.

ನಾನೀಗ ಇರುವುದು ವಿಜಯನಗರದ ನಾಲ್ಕನೆಯ ಹಂತದಲ್ಲಿ. ಇಲ್ಲಿ ಗೋಡೆಗೂ ಗೋಡೆಗೂ ನಡುವೆ ಜಾಗ ಬಿಟ್ಟಿದ್ದಾರೆ. ಎಲ್ಲರ ಕಿವಿಯಲ್ಲೂ ಅವರವರ ಹಾಡು. ಹೋದ ವರ್ಷ ಹಿಂದಿನ ರಸ್ತೆಯ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಮಾರನೆಯ ದಿನ, ಫೋನಿಗೆ ಬಂದ ಸಂದೇಶದಿಂದ. ಆ ವಾರವೇ ಪೇಟೆಗೆ ಹೋಗಿ ಒಂದು ರೇಡಿಯೋ ಕೊಂಡು ತಂದೆ. ಕಿಟಕಿಯ ಮೇಲಿಟ್ಟು, ಬೆಳಗಿನ ವಾರ್ತೆಯನ್ನು ಧಾರಾಳವಾಗಿ ಹಾಕತೊಡಗಿದೆ. ನನ್ನ ಹೆಂಡತಿ ಇದನ್ನು ಹುಚ್ಚೆಂದಳು.

ನಾಲ್ಕನೆಯ ದಿನ ಪಕ್ಕದ ಮನೆಯವರು ಗೇಟಿನ ಬಳಿ ಬಂದರು. ನಾವು ಇಲ್ಲಿಗೆ ಬಂದು ಐದು ವರ್ಷವಾದರೂ ತಲೆಯಾಡಿಸುವುದಕ್ಕಿಂತ ಹೆಚ್ಚಿನ ಪರಿಚಯ ನಮ್ಮಲ್ಲಿರಲಿಲ್ಲ. ‘ಸಾರ್, ಬೇಜಾರು ಮಾಡ್ಕೋಬೇಡಿ. ಮಗಳಿಗೆ ಪರೀಕ್ಷೆ. ರೇಡಿಯೋ ಸ್ವಲ್ಪ ಸಣ್ಣಗೆ ಮಾಡ್ತೀರಾ?’ ಎಂದರು. ನ್ಯಾಯವಾದ ಮಾತು; ಒಡನೆಯೇ ಕಡಿಮೆ ಮಾಡಿದೆ. ಹೊರಟವರು ತಿರುಗಿ, ‘ಯಾವ ಸ್ಟೇಷನ್ನು ಸಾರ್ ಅದು?’ ಎಂದರು. ಅವರ ತಂದೆ ಧಾರವಾಡ ನಿಲಯವಲ್ಲದೆ ಬೇರೆ ಕೇಳುತ್ತಿರಲಿಲ್ಲವಂತೆ. ಧಾರವಾಡ ಮೇಲೋ ಮೈಸೂರು ಮೇಲೋ ಎಂದು ಗೇಟಿನ ಆಚೆ ಈಚೆ ನಿಂತು ಮುಕ್ಕಾಲು ಗಂಟೆ ಮಾತನಾಡಿದೆವು. ನನಗೆ ಮೊದಲನೆಯ ಪೀರಿಯಡ್ಡು ತಪ್ಪುವುದರಲ್ಲಿತ್ತು. ಪರೀಕ್ಷೆ ಮುಗಿಯುವುದು ಇಪ್ಪತ್ತಾರಕ್ಕೆ. ಆಮೇಲೆ ಗುಂಡಿಯನ್ನು ಎಷ್ಟು ತಿರುಗಿಸಬಹುದೆಂದು ಕೇಳಿದ್ದೇನೆ. ಅವರು ಇನ್ನೂ ಹೇಳಿಲ್ಲ.