ಇದ್ದಲ್ಲೇ ಇದ್ದು ಬದಲಾದ ನಾಡು

ಏಕೀಕರಣವೆಂದ ಕೂಡಲೇ ಎಲ್ಲರಿಗೂ ನೆನಪಾಗುವುದು 1956ರ ನವೆಂಬರ್ 1. ಸುರಪುರ ಸೀಮೆಯ ನಮಗೆ ಆ ಕಥೆ ಅಲ್ಲಿಂದ ಶುರುವಾಗುವುದಿಲ್ಲ. ನಮಗೊಂದು ಸ್ವಂತ ಸಂಸ್ಥಾನವಿತ್ತು. ಅದನ್ನು ಕಳೆದುಕೊಂಡು, ಸುಮಾರು ನೂರು ವರ್ಷ ಪರರ ಕೈಯಲ್ಲಿದ್ದು, ಆಮೇಲೆ ನಾವು ಕನ್ನಡ ನಾಡಿಗೆ ಬಂದೆವು.

ಸುರಪುರದ ಬೇಡ ನಾಯಕರು ಸುಲಭಕ್ಕೆ ಬಗ್ಗಿದವರಲ್ಲ. 1705ರಲ್ಲಿ ಮುದುಕ ಔರಂಗಜೇಬನೇ ದಂಡು ಕಟ್ಟಿಕೊಂಡು ವಾಗಿನಗೇರಿ ಕೋಟೆಗೆ ಬಂದ. ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಮುಂದೆ ನಿಜಾಮರಿಗೆ, ಮರಾಠರಿಗೆ ಕಪ್ಪ ಕೊಟ್ಟರೂ ಒಳಗಿನ ಆಳ್ವಿಕೆಯನ್ನು ನಾಯಕರು ಬಿಟ್ಟುಕೊಡಲಿಲ್ಲ. ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1853ರಲ್ಲಿ ರಾಜ್ಯವನ್ನು ಅವನ ಕೈಗೆ ಒಪ್ಪಿಸಿ ಹೋದ. ಐದೇ ವರ್ಷದಲ್ಲಿ, 1858ರ ಫೆಬ್ರವರಿಯಲ್ಲಿ, ಅದೇ ರಾಜ ಇಂಗ್ಲಿಷರ ಮೇಲೆ ಕತ್ತಿ ಹಿರಿದ. ಸೋತು ಸೆರೆಯಾದ. ಸೆರೆಯಲ್ಲಿದ್ದಾಗಲೇ ಗುಂಡಿಗೆ ಬಲಿಯಾದ. ತಾನೇ ಹೊಡೆದುಕೊಂಡನೆಂದು ಟೇಲರ್ ಬರೆದ. ನಮ್ಮ ಕಡೆಯ ಹಿರಿಯರು ಅದನ್ನು ನಂಬಿದವರಲ್ಲ. 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಇನಾಮು ಕೊಟ್ಟಂತೆ ಕೊಟ್ಟರು. ನಮ್ಮನ್ನು ಯಾರೂ ಕೇಳಲಿಲ್ಲ.

ದೂರದ ಕ್ರೀಟ್ ದ್ವೀಪದ ಕಥೆ ಓದಿದಾಗ ನನಗೆ ಇದೇ ನೆನಪಾಯಿತು. ತುರ್ಕರ ಅಧೀನದಲ್ಲಿದ್ದ ಅದು 1898ರಲ್ಲಿ ಸ್ವಾಯತ್ತವಾಯಿತು, 1913ರಲ್ಲಿ ಗ್ರೀಸ್ ದೇಶದೊಂದಿಗೆ ಒಂದಾಯಿತು. ಅವರಿಗೆ ಸ್ವಾಯತ್ತತೆ ತಮ್ಮವರನ್ನು ಕೂಡುವ ಮೆಟ್ಟಿಲು. ನಮ್ಮಲ್ಲಿ ಆ ಮೆಟ್ಟಿಲೇ ಮೊದಲು ಕುಸಿಯಿತು.

ನಿಜಾಮರ ಕಾಲದಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಉರ್ದು. ದೇಶಕ್ಕೆ 1947ರ ಆಗಸ್ಟ್‌ನಲ್ಲಿ ಬಂದ ಸ್ವಾತಂತ್ರ್ಯ ನಮ್ಮನ್ನು ಮುಟ್ಟಿದ್ದು 1948ರ ಸೆಪ್ಟೆಂಬರ್ 17ಕ್ಕೆ, ಅದೂ ರಜಾಕಾರರ ಹಾವಳಿ ಉಂಡ ಮೇಲೆ. ಮತ್ತೆ ಎಂಟು ವರ್ಷ ಹೈದರಾಬಾದ್ ರಾಜ್ಯ. ಆಮೇಲೆ ಮೈಸೂರು, 1973ರಲ್ಲಿ ಕರ್ನಾಟಕ.

"ಮುತ್ಯಾ, ನೀವು ಯಾವ ರಾಜ್ಯದವರು?" ಎಂದು ಹುಡುಗನಾಗಿದ್ದಾಗ ಕೇಳಿದ್ದೆ.

"ನಾ ಇದ್ದಲ್ಲೇ ಇದ್ದೀನಿ ತಮ್ಮಾ, ರಾಜ್ಯಗೋಳೇ ಬಂದು ಹೋಗ್ಯಾವು" ಎಂದಿದ್ದರು.

ಕೂಡಿದ ಮೇಲೂ ನಾವು ಹಿಂದೆ ಉಳಿದೆವು. ಅದಕ್ಕೇ 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 371ಜೆ ಕಲಮು ಸೇರಿಸಿ, ಓದಿನಲ್ಲಿ, ನೌಕರಿಯಲ್ಲಿ ಈ ಭಾಗಕ್ಕೆ ಮೀಸಲಾತಿಯ ದಾರಿ ಮಾಡಬೇಕಾಯಿತು. ನಕ್ಷೆ ಕೂಡಿಸಲು ಒಂದು ದಿನ ಸಾಕು. ಹಿಂದುಳಿದವರನ್ನು ಜೊತೆಗೆ ತರಲು ಅರವತ್ತು ವರ್ಷವೂ ಸಾಲದು. ರಾಜ್ಯೋತ್ಸವದ ದಿನ ನಮ್ಮ ಶಾಲೆಗಳಲ್ಲಿ ಬಾವುಟ ಹಾರಿಸಿದ ಮೇಲೆ, 1858ರ ಸುರಪುರದ ಕಥೆಯನ್ನೂ ಮಕ್ಕಳಿಗೆ ಹೇಳಬೇಕು. ಈ ನಾಡಿಗೆ ನಾವು ಬರಿಗೈಯಲ್ಲಿ ಬಂದವರಲ್ಲ ಎಂಬುದು ಅವರಿಗೆ ಗೊತ್ತಿರಲಿ.